ಅಪ್ಪ ಸೈನ್ ಹಾಕುವ ಮೊದಲು

ಸನ್ನಿವೇಲ್, ಕ್ಯಾಲಿಫೋರ್ನಿಯಾ, ಶನಿವಾರ ರಾತ್ರಿ

ಅಮ್ಮಾ,

ನಮಸ್ಕಾರ. ಇಲ್ಲಿ ಎಲ್ಲರೂ ಆರಾಮ. ನನ್ನ ಮೇಲೆ ಕೇಸಾಗಿದೆಯಾ ಅಂತ ಕೇಳಿದ ನಿನ್ನ ಮೆಸೇಜ್ ನೋಡಿದೆ, ಅಪ್ಪ ಸೈನ್ ಹಾಕಬೇಕಾದ ಹೊಲದ ಪತ್ರದ ಫೋಟೋನೂ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಅಳೋಕೆ ಶುರು ಮಾಡ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಪುಟ್ಟಿ ಕೈಲಿ ಓದಿಸಿಕೋ.

ನನ್ನ ಮೇಲೆ ಯಾವ ಕೇಸೂ ಇಲ್ಲ. ಪೊಲೀಸ್ ಬಂದಿಲ್ಲ, ಫೈನ್ ಕಟ್ಟಿಲ್ಲ, ವೀಸಾ ಗಲಾಟೆಯೂ ಇಲ್ಲ. ಶಾರದತ್ತೆ ಊರೆಲ್ಲ ಹೇಳಿಕೊಂಡು ಬಂದದ್ದು ಸುಳ್ಳು. ಕೋರ್ಟಿಂದ ಕಾಗದ ಬಂದದ್ದು ಜ್ಯೂರಿ ಕೆಲಸಕ್ಕೆ. ಸಿಟಿಜನ್ ಆದವರಲ್ಲಿ ಯಾರಿಗೆ ಬೇಕಾದರೂ ಬರುತ್ತದೆ. ಹನ್ನೆರಡು ಜನ ಕೂತು ಎರಡೂ ಕಡೆಯ ಮಾತು ಕೇಳಿ ತೀರ್ಮಾನ ಹೇಳಬೇಕು. ಬೊಂಬಾಯಿಯ ನಾನಾವತಿ ಕೊಲೆ ಕೇಸಿನಲ್ಲಿ ಜ್ಯೂರಿಯ 8 ಜನ ಒಂದು ಕಡೆ, ಒಬ್ಬ ಇನ್ನೊಂದು ಕಡೆ ಅಂತ ಅಪ್ಪ ಕಥೆ ಹೇಳ್ತಾರಲ್ಲ, ಅದೇ. ನಮ್ಮಲ್ಲಿ ಆಮೇಲೆ ತೆಗೆದೇ ಹಾಕಿದರು, ಇಲ್ಲಿ ಇನ್ನೂ ಇದೆ.

ಕೂಲಿ ಕೇಳಿದರೆ ನಗ್ತೀಯ. ಮೊದಲ ದಿನ ಸೊನ್ನೆ, ಎರಡನೇ ದಿನದಿಂದ ದಿನಕ್ಕೆ 15 ಡಾಲರ್. ಒಂದು ಹೊತ್ತಿನ ಊಟಕ್ಕೆ ಸರಿಹೋಯಿತು.

ನಮ್ಮದು ಕಾರಿಗೆ ಕಾರು ತಾಗಿದ ಕೇಸು. ಶುರುವಿನಲ್ಲೇ ವಕೀಲರು 'ಪ್ರಿಪಾಂಡರೆನ್ಸ್ ಆಫ್ ಎವಿಡೆನ್ಸ್' ಅಂದರು. ನನಗೆ ಬೆವರು. ಪಕ್ಕದಲ್ಲಿ ಒಬ್ಬಳು ಅಜ್ಜಿ, ಇಲ್ಲೇ ಹುಟ್ಟಿ ಬೆಳೆದವಳು, ಮಡಿಲಲ್ಲಿ ಉಲ್ಲನ್ ಚೀಲ. ಕೊನೆಗೆ ಜ್ಯೂರಿ ಕೋಣೆಯಲ್ಲಿ ಹೇಳಿದಳು, 'ಪಾಂಡರ್ ಅಂದರೆ ಯೋಚಿಸೋದು ಅಲ್ವಾ, ನಿಧಾನವಾಗಿ ಯೋಚಿಸಿ ಅಂತಿದ್ದಾರೆ ಅಂದುಕೊಂಡಿದ್ದೆ' ಅಂತ. ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ!

ಆದರೆ ಹೇಗೆ ತೀರ್ಮಾನ ಮಾಡಬೇಕು ಅಂತ ಜಡ್ಜ್ ನಮಗೆ ಓದಿ ಹೇಳಿದ ಸೂಚನೆಯಲ್ಲಿ ಆ ಪದವೇ ಇರಲಿಲ್ಲ, ಅದರ ಅರ್ಥ ಮಾತ್ರ ಇತ್ತು. ಕೇಸು ಹಾಕಿದವರು ಹೇಳಿದ್ದು ನಿಜ ಅಲ್ಲ ಅನ್ನೋದಕ್ಕಿಂತ ನಿಜ ಅನ್ನೋ ಸಾಧ್ಯತೆ ಜಾಸ್ತಿ ಕಂಡರೆ ಸಾಕು ಅಂದರು. ಸಂತೆ ತಕ್ಕಡಿ ಒಂದು ಚೂರು ಬಾಗಿದ ಹಾಗೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಸೂಚನೆಗಳನ್ನೆಲ್ಲ 2003ರಲ್ಲಿ ಆಡುಮಾತಿಗೆ ಹತ್ತಿರವಾಗಿ ಹೊಸದಾಗಿ ಬರೆದಿದ್ದಾರೆ, ಕ್ರಿಮಿನಲ್ ಕೇಸಿನವು 2006ರಿಂದ ಬಂದವು. ಸಾಕ್ಷಿಗಳ ಬಗ್ಗೆ ಹಿಂದೆ ಇದ್ದದ್ದನ್ನು ಕನ್ನಡಕ್ಕೆ ತಂದರೆ, 'ಸ್ಮರಣೆಯ ವೈಫಲ್ಯ ಸಾಮಾನ್ಯ. ದುರುದ್ದೇಶರಹಿತ ತಪ್ಪುಸ್ಮರಣೆ ಅಸಾಮಾನ್ಯವಲ್ಲ.' ಈಗ, 'ಜನ ಎಷ್ಟೋ ಸಲ ಮರೆತುಬಿಡುತ್ತಾರೆ, ಇಲ್ಲಾ ತಪ್ಪಾಗಿ ನೆನಪಿಟ್ಟುಕೊಂಡಿರುತ್ತಾರೆ.' ಇದು ನಿನಗೂ ಅರ್ಥವಾಗುತ್ತೆ.

ಬರೆದ ಪ್ರತಿಯನ್ನೂ ಕೋಣೆಗೆ ಕೊಡುತ್ತಾರೆ. ಡಿಕ್ಷನರಿ, ಗೂಗಲ್ ಮುಟ್ಟೋ ಹಾಗಿಲ್ಲ. ಸಂದೇಹ ಬಂದರೆ ಚೀಟಿ ಬರೆದು ಜಡ್ಜಿಗೆ ಕಳಿಸಬೇಕು. ನಾವೂ ಒಂದು ಕಳಿಸಿದೆವು. ಎಲ್ಲರನ್ನೂ ಕರೆಸಿ ಅದೇ ಪ್ಯಾರಾ ಇನ್ನೊಂದು ಸಲ ನಿಧಾನವಾಗಿ ಓದಿದರು! 'ಇದನ್ನ ನಾನೇ ಓದಿದ್ದೆನಲ್ಲ' ಅಂತ ಅಜ್ಜಿ ಗೊಣಗಿದಳು. ಆದರೂ ಕೇಳೋಕೆ ಒಂದು ದಾರಿ ಇತ್ತು.

ಅಲ್ಲಿ ಕೂತಾಗಲೆಲ್ಲ ನನಗೆ ಅಪ್ಪನದೇ ಯೋಚನೆ. ನೀನು ಕಳಿಸಿದ ಹಕ್ಕು ಬಿಡುಗಡೆ ಪತ್ರದ ಫೋಟೋ ದೊಡ್ಡದು ಮಾಡಿ ನಾಲ್ಕು ಸಲ ಓದಿದೆ. 'ಸದರಿ ಷೆಡ್ಯೂಲ್ ಸ್ವತ್ತಿನಲ್ಲಿ ನನಗಾಗಲೀ ನನ್ನ ವಾರಸುದಾರರಿಗಾಗಲೀ ಯಾವುದೇ ಹಕ್ಕು ಇರುವುದಿಲ್ಲ.' ಸರಿ, ಅಪ್ಪ ಚಿಕ್ಕಪ್ಪನಿಗೆ ಬಿಟ್ಟುಕೊಡೋದು ಹೊಲ ಮಾತ್ರ ಅಲ್ವಾ? ಹಾಗಾದರೆ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕೂ ಕಡೆಯ ಗಡಿ ಬರೆದಿರೋ ಕಡೆ, ಉತ್ತರಕ್ಕೆ 'ಸರ್ಕಾರಿ ಓಣಿ' ಅಂತ ಯಾಕಿದೆ? ಹೊಲಕ್ಕೂ ಓಣಿಗೂ ಮಧ್ಯೆ ಬಾವಿ ಇದೆ, ನಿನ್ನ ತೆಂಗಿನ ಮರಗಳಿವೆ. ಹಾಗೇ ಸೈನ್ ಹಾಕಿದರೆ ಅವೂ ಹೋದವು. ಚಿಕ್ಕಪ್ಪ ಬೇಕಂತ ಮಾಡಿದ್ದಾರೆ ಅಂತ ನಾನು ಅಂತಿಲ್ಲ. ಪತ್ರ ಬರೆಯೋರು ಹಳೇ ಪತ್ರ ನೋಡಿ ಇಳಿಸಿರಬಹುದು.

ಕೊನೆಯ ಸಾಲು ನೋಡು, 'ಓದಿ ಹೇಳಲಾಗಿ ಕೇಳಿ ತಿಳಿದು ಒಪ್ಪಿ ರುಜು ಮಾಡಿರುತ್ತೇನೆ.' ಯಾರು ಓದಿ ಹೇಳಿದರು? ಅಪ್ಪನ ಬಲಗಣ್ಣಲ್ಲಿ ಪೊರೆ. ಅವರು ಸುಮ್ನೆ ತಲೆ ಆಡಿಸಿರ್ತಾರೆ, ಕೇಳಿದರೆ ತಮ್ಮನಿಗೆ ಬೇಜಾರಾಗುತ್ತೆ ಅಂತ.

ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗೋದು ಬೇಡ. ಹಲ್ಲುನೋವು ಅನ್ನಲಿ, ಏನಾದರೂ ಅನ್ನಲಿ. ಪುಟ್ಟಿ ಪ್ರತಿ ಸಾಲೂ ಜೋರಾಗಿ ಓದಲಿ, ಅಪ್ಪ ತಮ್ಮ ಮಾತಲ್ಲಿ ತಿರುಗಿ ಹೇಳಲಿ. ಹೇಳೋಕೆ ಬರದ ಸಾಲಿಗೆ ಗೀಟು ಹಾಕಿ ತಿಪಟೂರಿನಲ್ಲಿ ಬೇರೆ ವಕೀಲರಿಗೆ ತೋರಿಸಿ. ಫೀಸು ನಾನು ಕಳಿಸುತ್ತೇನೆ. ನಿನಗೆ ಗಾಬರಿ ಬೇಡ. ನನಗಂತೂ ಒಂಚೂರೂ ಗಾಬರಿ ಇಲ್ಲ, ಸುಮ್ನೆ ಹೇಳಿದೆ ಅಷ್ಟೇ.

ತೀರ್ಪು ಏನಾಯ್ತು ಅಂತ ಆಮೇಲೆ ಹೇಳ್ತೀನಿ. ಮಗು ಎದ್ದಿತು. ಬಾವಿ ವಿಷಯ ಇವತ್ತೇ ಕೇಳು, ಮರೀಬೇಡ.

ನಿನ್ನ
ಸುಮಿ