ಈ ಭಾನುವಾರ ನಿಂತ ನೀರು ಚೆಲ್ಲೋಣ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಗ್ಗೆ 7ರಿಂದ 9ರವರೆಗೆ ನಮ್ಮ ಬೀದಿಯಲ್ಲಿ ನಿಂತ ನೀರು ಖಾಲಿ ಮಾಡುವ ಕೆಲಸ ಇಟ್ಟುಕೊಂಡಿದ್ದೇವೆ. ಸ್ವಂತ ಮನೆ, ಬಾಡಿಗೆ ಮನೆ ಅಂತಿಲ್ಲ, ಪ್ರತಿ ಮನೆಯಿಂದ ಒಬ್ಬರಾದರೂ ಬನ್ನಿ.

ನಿನ್ನೆ ನಮ್ಮ ತಾರಸಿಯ ಮೂಲೆಯಲ್ಲಿ ಬಿದ್ದಿದ್ದ ಹಳೇ ಬಕೆಟ್ ನೋಡಿದೆ. ಬೊಗಸೆಯಷ್ಟು ನೀರು. ಅದರಲ್ಲಿ ಕೂದಲೆಳೆಯಂಥ ಸೊಳ್ಳೆ ಮರಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ನನ್ನ ನೆರಳು ಬಿದ್ದಿದ್ದೇ ತಡ, ಸರ್ರನೆ ತಳಕ್ಕೆ ಇಳಿದವು. ಬೀದಿಯಲ್ಲಿ ಸೊಳ್ಳೆ ಜಾಸ್ತಿ ಅಂತ ಈ ಗುಂಪಿನಲ್ಲಿ ಮೊದಲು ದೂರಿದವನು ನಾನೇ!

ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಲ್ಲಿ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಅದಕ್ಕೇ ಇದನ್ನು ವಾರಕ್ಕೊಮ್ಮೆ ಮಾಡಬೇಕು. ಸುಮ್ನೆ ನೀರು ಚೆಲ್ಲಿದರೆ ಸಾಲದು. ಮೊಟ್ಟೆಗಳು ಪಾತ್ರೆಯ ಒಳಮೈಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಬ್ರಷ್‌ನಿಂದ ಗಸಗಸ ಉಜ್ಜಲೇಬೇಕು.

ಮೊದಲು ನಿಮ್ಮ ಮನೆ ನೋಡಿಕೊಳ್ಳಿ: ಹೂಕುಂಡದ ತಟ್ಟೆ, ಡ್ರಮ್, ಕೂಲರ್, ಫ್ರಿಜ್ ಹಿಂದಿನ ಟ್ರೇ (ಇದನ್ನು ಎಲ್ಲರೂ ಮರೆಯುತ್ತೇವೆ, ಅಲ್ವಾ?). ಟ್ಯಾಂಕ್ ಮುಚ್ಚಳ ಬಿಗಿಯಾಗಿರಲಿ. 8ಕ್ಕೆ ಬೀದಿ ತುದಿಯ ಖಾಲಿ ಸೈಟ್ ಹತ್ತಿರ ಸೇರೋಣ. ಅಲ್ಲಿ ಟೈರು, ಒಡೆದ ಡಬ್ಬಗಳ ರಾಶಿಯೇ ಇದೆ. ಕೈಗವಸು, ಗೋಣಿಚೀಲ ತನ್ನಿ. ತುಂಬುತೋಳಿನ ಅಂಗಿ ಹಾಕಿಕೊಳ್ಳಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಮನೆ ನಂಬರ್ ಹಾಕಿ ತಿಳಿಸಿ. ಬರೀ ಹೆಬ್ಬೆರಳಿನ ಚಿತ್ರ ಬೇಡ, ಯಾವ ಮನೆ ಅಂತ ಲೆಕ್ಕ ಸಿಗಲ್ಲ. ಬೀಗ ಹಾಕಿ ಹೋಗುವವರು ತಾರಸಿ ಕೀಲಿ ಯಾರ ಹತ್ತಿರ ಇದೆ ಅಂತ ನನಗೆ ಬೇರೆಯಾಗಿ ಮೆಸೇಜ್ ಮಾಡಿ.