ಜಮಾ ಒಂದು ಮನೆಗೆ, ಖರ್ಚು ಇನ್ನೊಂದು ಮನೆಯಿಂದ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಅಮೆರಿಕವು ಪಶ್ಚಿಮಕ್ಕೆ ಹಬ್ಬಿದ್ದರ ಲಾಭ-ನಷ್ಟಗಳ ಪ್ರಬಂಧಕ್ಕಾಗಿ ಹಾಳೆಯ ನಡುವೆ ಗೆರೆ ಎಳೆದು, ಎರಡೂ ಬದಿಗೆ ಪಟ್ಟಿ ಮಾಡಿಕೊಂಡಿದ್ದೇನೆ ಎಂದು ನೀನು ಮೊನ್ನೆ ಫೋನಿನಲ್ಲಿ ಹೇಳಿದಾಗ ನಾನು ಹೂಂಗುಟ್ಟಿ ಸುಮ್ಮನಾದೆ. ಆಮೇಲೆ ಆ ಗೆರೆಯೇ ನನ್ನನ್ನು ಕಾಡತೊಡಗಿತು. ಜಮಾ-ಖರ್ಚಿನ ಪುಸ್ತಕ ಒಂದೇ ಮನೆಯದಾದರೆ ಮಾತ್ರ ಕೊನೆಯಲ್ಲಿ ಶಿಲ್ಕು ಎಷ್ಟೆಂದು ಕೇಳಬಹುದು; ಇಲ್ಲಿ ಜಮಾ ಬಂದ ಮನೆಯೇ ಬೇರೆ, ಖರ್ಚಾದ ಮನೆಯೇ ಬೇರೆ.

ಲಾಭವನ್ನು ನಾನು ಹಗುರವಾಗಿ ಕಾಣುವುದಿಲ್ಲ. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ ಐದು ವರ್ಷ ನೆಲೆನಿಂತು ಉಳುಮೆ ಮಾಡಿದವನಿಗೆ ಅಲ್ಪ ಶುಲ್ಕಕ್ಕೆ 160 ಎಕರೆ ಸ್ವಂತವಾಗುತ್ತಿತ್ತು. ಹೀಗೆ ಹಂಚಿಹೋದದ್ದು ಸುಮಾರು 27 ಕೋಟಿ ಎಕರೆ. ಪಾಲಾಗಿ ಪಾಲಾಗಿ ಒಂದೆರಡು ಎಕರೆಗೆ ಇಳಿದ ರೈತರ ನಡುವೆಯೇ ಕೆಲಸ ಮಾಡಿ ನಿವೃತ್ತನಾದ ನನಗೆ, ಯುರೋಪಿನಿಂದ ಬರಿಗೈಯಲ್ಲಿ ಬಂದ ಗೇಣಿದಾರನೊಬ್ಬನಿಗೆ ಆ ಪಟ್ಟೆ ಏನಾಗಿತ್ತು ಎಂಬುದು ಚೆನ್ನಾಗಿ ಅರ್ಥವಾಗುತ್ತದೆ.

ಆದರೆ ಹೀಗೆ ವಶವಾದ ಭೂಮಿ ಖಾಲಿ ಬಿದ್ದಿತ್ತೆಂದೂ ಅಲ್ಲಿದ್ದವರಿಗೆ ಬದುಕುವ ಬಗೆ ತಿಳಿಯದೆಂದೂ ಹೇಳುವವರು ಆಗ್ನೇಯ ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನರ ಕಥೆಯನ್ನು ಓದಿರಲಾರರು. ಅವರಲ್ಲೊಬ್ಬನಾದ ಸಿಕ್ವೋಯಾ ತನ್ನ ನುಡಿಗೆ ತಾನೇ ಲಿಪಿ ರೂಪಿಸಿದ. 1827ರಲ್ಲಿ ಅವರು ಸಂವಿಧಾನ ಬರೆದುಕೊಂಡರು, ಮರುವರ್ಷ ಪತ್ರಿಕೆ ಹೊರಡಿಸಿದರು. ಹೊಲ, ತೋಟ, ಶಾಲೆ ಎಲ್ಲವೂ ಇದ್ದವು. ಜಾರ್ಜಿಯಾ ರಾಜ್ಯದ ಕಾನೂನು ಅವರ ನೆಲದಲ್ಲಿ ನಡೆಯದೆಂದು 1832ರಲ್ಲಿ ಸುಪ್ರೀಂ ಕೋರ್ಟು ತೀರ್ಪನ್ನೂ ಕೊಟ್ಟಿತು. ಇಷ್ಟಾದರೂ ಮೂಲನಿವಾಸಿಗಳನ್ನು ಪಶ್ಚಿಮಕ್ಕೆ ಸಾಗಿಸುವ 1830ರ ತೆರವು ಕಾಯ್ದೆಗೆ ಸಹಿ ಹಾಕಿದ್ದ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ತನ್ನ ನೀತಿಯನ್ನು ಬದಲಿಸಲಿಲ್ಲ. 1838-39ರಲ್ಲಿ ಸೈನಿಕರು ಸುಮಾರು 16,000 ಜನರನ್ನು ಮನೆಗಳಿಂದ ಎಬ್ಬಿಸಿ ಇಂದಿನ ಓಕ್ಲಹೋಮಾದ ಕಡೆಗೆ ಅಟ್ಟಿದರು. ಅವರಲ್ಲಿ ಸತ್ತವರು ಸುಮಾರು 4,000 ಎಂಬುದು ರೂಢಿಯ ಅಂದಾಜು. ಕೋರ್ಟಿನಲ್ಲಿ ಗೆದ್ದೂ ಊರು ಬಿಟ್ಟವರು ಇವರು.

ರೈಲು, ಚಿನ್ನ, ಕಾಡೆಮ್ಮೆಗಳ ಸಂಹಾರ ನಿನ್ನ ಪಟ್ಟಿಯಲ್ಲಿ ಇದ್ದೇ ಇವೆ. ಅದನ್ನು ಮತ್ತೆ ಹೇಳುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ನಿನ್ನ ಕಾಲೇಜು. 1862ರದೇ ಮಾರಿಲ್ ಕಾಯ್ದೆಯು ರಾಜ್ಯಗಳಿಗೆ ಕೋಟಿಗೂ ಮಿಗಿಲಾದ ಎಕರೆ ಕೊಟ್ಟು, ಅದನ್ನು ಮಾರಿದ ಹಣದಿಂದ ಕೃಷಿ ಮತ್ತು ತಾಂತ್ರಿಕ ವಿದ್ಯೆಯ ಕಾಲೇಜುಗಳನ್ನು ನಡೆಸುವಂತೆ ಮಾಡಿತು. ನೀನು ಓದುತ್ತಿರುವುದು ಅಂಥದ್ದರಲ್ಲಿಯೇ. ನಾನು ಓದಿದ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯವೂ 1960ರ ದಶಕದಲ್ಲಿ ರೂಪುಗೊಂಡದ್ದು ಆ ಮಾದರಿಯ ಮೇಲೆಯೇ. ಹಾಗಾಗಿ ಜಮಾದ ಬದಿಯಲ್ಲಿ ನಮ್ಮ ಮನೆಯ ಹೆಸರೂ ಸಣ್ಣದಾಗಿ ಇದೆ.

ಇನ್ನೊಂದು ಸಂಗತಿ. 1868ರ ಒಪ್ಪಂದದಲ್ಲಿ ಮೂಲನಿವಾಸಿಗಳಾದ ಲಕೋಟಾ ಜನರಿಗೆ ಬಿಟ್ಟುಕೊಟ್ಟಿದ್ದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು, ಅಲ್ಲಿ ಚಿನ್ನ ಸಿಕ್ಕ ಮೇಲೆ, 1877ರಲ್ಲಿ ಸರ್ಕಾರ ಕಿತ್ತುಕೊಂಡಿತು. ಇದಕ್ಕಾಗಿ 10 ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರವನ್ನು 1980ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ತಮಗೆ ಬೇಕಾದದ್ದು ಬೆಟ್ಟವೇ ಹೊರತು ಹಣವಲ್ಲವೆಂದು ಅವರು ಅದನ್ನು ಮುಟ್ಟಿಲ್ಲ. ಬಡ್ಡಿ ಬೆಳೆಯುತ್ತಲೇ ಇದೆ. ಈ ಮೊತ್ತಕ್ಕೆ ನಿನ್ನ ಹಾಳೆಯಲ್ಲಿ ಜಾಗ ಹುಡುಕಿ ನೋಡು.

ನಿನ್ನ ಕಾಲೇಜಿಗಾಗಿ ಮಾರಿದ ಭೂಮಿ ಯಾವ ಬುಡಕಟ್ಟಿನದಾಗಿತ್ತೆಂದು ಅಲ್ಲಿನ ಗ್ರಂಥಾಲಯದಲ್ಲಿ ವಿಚಾರಿಸಿ ನನಗೂ ತಿಳಿಸು.

ಇಂತಿ,
ನಿನ್ನ ಅಪ್ಪ