ಎಂಟು ಹಾಸಿಗೆ: ಮಗಳಿಗೊಂದು ಪತ್ರ

ಶಿವಮೊಗ್ಗ

ಪ್ರೀತಿಯ ಪುಟ್ಟಿಗೆ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, "ಅಮ್ಮ, ಇಷ್ಟು ದೇಶ ಸುತ್ತಿದ್ದೀರಿ, ಉಳಿದುಕೊಂಡ ಜಾಗಗಳಲ್ಲಿ ಯಾವುದು ತುಂಬಾ ಇಷ್ಟ ಆಯ್ತು?" ಅಂತ. ಅಪ್ಪ ಕುರ್ಚಿಯಿಂದಲೇ "ಐಸ್ ಹೋಟೆಲ್" ಎಂದು ಕೂಗಿದರು. ನಾನು "ಜಪಾನಿನ ಕೋಯಾಸಾನ್" ಅಂದೆ. ಅಷ್ಟರಲ್ಲಿ ನಿನಗೆ ಮೀಟಿಂಗಿಗೆ ಹೊತ್ತಾಯಿತು. ನವೆಂಬರಿನಲ್ಲಿ ನೀನೂ ಅಳಿಯಂದಿರೂ ಜಪಾನಿಗೆ ಹೊರಟಿದ್ದೀರಿ. ಫೋನಿನಲ್ಲಿ ಇದನ್ನೆಲ್ಲ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮಿಬ್ಬರ ಮೊದಲ ಹೋಟೆಲ್ ಯಾವುದು ಗೊತ್ತಾ? 1986ರಲ್ಲಿ, ಮದುವೆಯಾದ ತಿಂಗಳಲ್ಲೇ ಮೈಸೂರಿಗೆ ಹೋಗಿದ್ದೆವು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಲಾಡ್ಜ್. ಒಂದು ಸಂಜೆ ಅಪ್ಪ ನನ್ನನ್ನು ಲಲಿತಮಹಲಿಗೆ ಕರೆದುಕೊಂಡು ಹೋದರು. ವೈಸರಾಯ್ ಬಂದರೆ ಉಳಿದುಕೊಳ್ಳಲಿ ಎಂದು ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಅರಮನೆ ಅದು. 1974ರಿಂದ ಹೋಟೆಲ್. ಅಲ್ಲಿ ರಾತ್ರಿ ಉಳಿಯುವಷ್ಟು ದುಡ್ಡು ನಮ್ಮ ಹತ್ತಿರ ಇರಲಿಲ್ಲ. ಕಾಫಿ ಕುಡಿದು, ಬಿಳಿ ಗುಮ್ಮಟ ನೋಡಿಕೊಂಡು ಲಾಡ್ಜಿಗೆ ವಾಪಸ್ ಬಂದೆವು. ಮರುದಿನ ಹೊರಡುವ ಮುಂಚೆ ನಾನು ಹಾಸಿಗೆ ಕೊಡವಿ, ಹೊದಿಕೆ ಮಡಚಿಟ್ಟು, ರೂಮ್ ಹುಡುಗನ ಹತ್ತಿರ ಪೊರಕೆ ಇಸಿದುಕೊಂಡು ಕೋಣೆ ಗುಡಿಸಿದೆ. ಅಪ್ಪ ಪೇಪರ್ ಓದುತ್ತಾ ಕೂತಿದ್ದರು. ಇಬ್ಬರಿಗೂ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಆಮೇಲೆ ಮೂವತ್ತು ವರ್ಷ ಹೋಟೆಲ್ ಎಂದರೆ ಯಾರದೋ ಮದುವೆಗೆ ಹೋದಾಗ ಕೊಟ್ಟ ರೂಮು, ಅಷ್ಟೇ. 2016ರಲ್ಲಿ ಅಪ್ಪ ರಿಟೈರ್ ಆದರು. ಮರುವರ್ಷವೇ ಶ್ರೀಲಂಕಾಕ್ಕೆ ಹೊರಟೆವು. ದಂಬುಳ್ಳದ ಹತ್ತಿರ ಕಂದಲಮ ಎಂಬ ಕೆರೆ ಇದೆ. ಅದರ ದಂಡೆಯ ಬಂಡೆಗೆ ಅಂಟಿಸಿದ ಹಾಗೆ ಜೆಫ್ರಿ ಬಾವಾ ಎಂಬ ದೊಡ್ಡ ವಾಸ್ತುಶಿಲ್ಪಿ ಒಂದು ಹೋಟೆಲ್ ಕಟ್ಟಿದ್ದಾರೆ. ತೆರೆದದ್ದು 1994ರಲ್ಲಿ. ಈ ತುದಿಯಿಂದ ಆ ತುದಿಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಉದ್ದ. ಆದರೂ ಕೆರೆಯ ಆಚೆ ದಡದಿಂದ ನೋಡಿದರೆ ಕಟ್ಟಡವೇ ಕಾಣುವುದಿಲ್ಲ ಎನ್ನಬಹುದು. ಬಳ್ಳಿಗಳು ಮೇಲಿನಿಂದ ಕೆಳಗಿನವರೆಗೆ ಇಳಿಬಿದ್ದಿವೆ. ಓಣಿಯಲ್ಲಿ ನಡೆಯುವಾಗ ಒಂದು ಪಕ್ಕ ಗೋಡೆಯೇ ಇಲ್ಲ, ಕಲ್ಲು ಬಂಡೆ. ಕೆರೆಯಾಚೆ ದೂರದಲ್ಲಿ ಸಿಗಿರಿಯದ ಬಂಡೆ ಕಾಣುತ್ತದೆ. ಕೋತಿಗಳ ಕಾಟ ಜಾಸ್ತಿ, ಬಾಲ್ಕನಿ ಬಾಗಿಲು ತೆಗೆದಿಡುವಂತಿಲ್ಲ. ಅಲ್ಲಿನ ನೆನಪಲ್ಲಿ ನನಗೆ ಇನ್ನೂ ಇರುವುದು ಬೇರೆ. ಹಾಸಿಗೆ ಸರಿಮಾಡಲು ಒಬ್ಬ ಹುಡುಗ ಬಂದ. ಅವನು ಕೆಲಸ ಮಾಡುವಷ್ಟು ಹೊತ್ತೂ ನಾನು ಕೈ ಎಲ್ಲಿಡುವುದು ಎಂದು ಗೊತ್ತಾಗದೆ ಬಾಲ್ಕನಿಯಲ್ಲಿ ನಿಂತಿದ್ದೆ. ಏನೋ ತಪ್ಪು ಮಾಡಿದ ಹಾಗೆ ಅನ್ನಿಸುತ್ತಿತ್ತು.

ಅದಾದ ಮುಂದಿನ ವರ್ಷ ಮೊರಾಕೊ ದೇಶದ ಫೆಸ್ ಊರು. ಪುಟ್ಟಿ, ನಿನಗೆ ತೀರ್ಥಹಳ್ಳಿಯ ಅಜ್ಜಿಯ ತೊಟ್ಟಿ ಮನೆ ನೆನಪಿದೆ ಅಲ್ವಾ? ಅದನ್ನೇ ಎತ್ತಿ ಒಯ್ದು ಆ ಊರಿನ ಗಲ್ಲಿಯಲ್ಲಿ ಇಟ್ಟ ಹಾಗಿತ್ತು. ಅಲ್ಲಿ ರಿಯಾಡ್ ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಬೋಳು ಗೋಡೆ, ಒಂದು ಸಣ್ಣ ಬಾಗಿಲು. ಒಳಗೆ ಕಾಲಿಟ್ಟರೆ ನಡುವೆ ಆಕಾಶಕ್ಕೆ ತೆರೆದ ಅಂಗಳ, ಅಂಗಳದಲ್ಲಿ ಕಾರಂಜಿ, ಸುತ್ತಲೂ ಕೋಣೆಗಳು. ಕಿಟಕಿಗಳೆಲ್ಲ ಅಂಗಳದ ಕಡೆಗೇ. ಗೋಡೆಯ ಕೆಳಭಾಗಕ್ಕೆ ಒಂದೊಂದೇ ಚೂರು ಕತ್ತರಿಸಿ ಜೋಡಿಸಿದ ಬಣ್ಣದ ಹೆಂಚು, ಅದರ ಮೇಲೆ ಕೆತ್ತಿದ ಗಾರೆ, ಅದಕ್ಕೂ ಮೇಲೆ ದೇವದಾರು ಮರ. ಹಳೇ ಊರಿನೊಳಗೆ ಕಾರು ಬರುವುದಿಲ್ಲ, ಗಲ್ಲಿಗಳು ಅಷ್ಟು ಇಕ್ಕಟ್ಟು. ನಮ್ಮ ಸೂಟ್‌ಕೇಸನ್ನು ಕೈಗಾಡಿಯಲ್ಲಿ ತಂದರು. ಹಿಂದಿನಿಂದ "ಬಾಲಾಕ್, ಬಾಲಾಕ್" ಎಂದು ಕೇಳಿದರೆ ಗೋಡೆಗೆ ಒರಗಿ ನಿಲ್ಲಬೇಕು. ಹೇಸರಗತ್ತೆ ಬರುತ್ತಿದೆ, ದಾರಿ ಬಿಡಿ ಎಂದು ಅರ್ಥ.

ಬೆಳಗ್ಗೆ ತಿಂಡಿಗೆ ಬಗ್ರೀರ್ ಎಂದು ಕೊಟ್ಟರು. ರವೆಯದು, ಒಂದೇ ಕಡೆ ಬೇಯಿಸುತ್ತಾರೆ, ಮೇಲೆಲ್ಲ ತೂತು. ನೋಡಿದ ಕೂಡಲೇ "ಸೆಟ್ ದೋಸೆ!" ಎಂದೆ. ಜೇನುತುಪ್ಪ, ಬೆಣ್ಣೆ ಸುರಿದುಕೊಂಡು ತಿನ್ನಬೇಕು. ಅಡುಗೆಯ ಹೆಂಗಸು ನಗುತ್ತಾ ನನ್ನನ್ನು ಒಳಗೆ ಕರೆದಳು. ಅವಳಿಗೆ ನನ್ನ ಭಾಷೆ ಬಾರದು, ನನಗೆ ಅವಳದು. ಬ್ರೆಡ್ಡಿನ ಹಿಟ್ಟು ನಾದಿ, ಗುಂಡಗೆ ತಟ್ಟಿ, ಹಲಗೆಯ ಮೇಲಿಟ್ಟು ಬಟ್ಟೆ ಮುಚ್ಚಿದಳು. ಒಬ್ಬ ಹುಡುಗ ಅದನ್ನು ಹೊತ್ತುಕೊಂಡು ಓಣಿಯ ಒಲೆಗೆ ಹೋದ. ಕೇರಿಗೊಂದು ದೊಡ್ಡ ಒಲೆ, ಸುತ್ತಮುತ್ತಲಿನ ಮನೆಗಳ ಹಿಟ್ಟು ಅಲ್ಲೇ ಬೇಯುತ್ತದೆ. ಆ ಊರಿನಲ್ಲಿ 859ರಲ್ಲಿ ಕಟ್ಟಿಸಿದ ಕರವೀಯಿನ್ ಮಸೀದಿ ಇದೆ. ಫಾತಿಮಾ ಎಂಬ ಹೆಣ್ಣುಮಗಳು ಕಟ್ಟಿಸಿದ್ದು ಎನ್ನುತ್ತಾರೆ, ಅದೇ ಬೆಳೆದು ವಿಶ್ವವಿದ್ಯಾಲಯವಾಯಿತು. ಅದರ ಬಾಗಿಲ ಮುಂದೆ ನಿಂತು ಬಂದೆವು. ಆದರೆ ಫೆಸ್ ಎಂದರೆ ನನ್ನ ಕಣ್ಣಿಗೆ ಬರುವುದು ಆ ಹಲಗೆ, ಆ ಹಿಟ್ಟು.

ನಡುವೆ ದೊಡ್ಡ ದೊಡ್ಡ ಹೋಟೆಲುಗಳಲ್ಲೂ ಉಳಿದಿದ್ದೇವೆ. ಒಂದು ದೊಡ್ಡ ನಗರದಲ್ಲಿ ಇಪ್ಪತ್ತೆರಡನೇ ಮಹಡಿ, ಕಿಟಕಿ ತೆಗೆಯಲು ಬಾರದು. ರಾತ್ರಿ ಎಚ್ಚರವಾಗಿ ಯಾವ ದೇಶದಲ್ಲಿದ್ದೇನೆ ಎಂದೇ ಹೊಳೆಯಲಿಲ್ಲ, ಹೆದರಿ ಅಪ್ಪನನ್ನು ಎಬ್ಬಿಸಿದೆ. ಎಲ್ಲವೂ ಚೆನ್ನಾಗಿತ್ತು, ಯಾವುದೂ ನೆನಪಿಲ್ಲ.

ಈಗ ಕೋಯಾಸಾನ್. ಓಸಾಕಾದ ನಂಬಾ ಸ್ಟೇಷನ್ನಿನಿಂದ ನಾನ್‌ಕಾಯ್ ರೈಲು ಹತ್ತಬೇಕು. ಬೆಟ್ಟ ಹತ್ತುತ್ತಾ ಹತ್ತುತ್ತಾ ಗೊಕುರಾಕುಬಾಶಿ ಎಂಬಲ್ಲಿ ರೈಲು ಮುಗಿಯುತ್ತದೆ. ಅಲ್ಲಿಂದ ಐದೇ ನಿಮಿಷ ಕೇಬಲ್ ಕಾರು, ಕಡಿದಾದ ಏರು. ಮೇಲೆ ಬಸ್ಸು. ಕೂಕಾಯ್ ಎಂಬ ಬೌದ್ಧ ಗುರುಗಳು 816ರಲ್ಲಿ ಶುರುಮಾಡಿದ ಕ್ಷೇತ್ರ ಅದು. ಅವರನ್ನು ಕೋಬೋ ದಾಯಿಶಿ ಎಂದೂ ಕರೆಯುತ್ತಾರೆ. ನೂರಕ್ಕೂ ಹೆಚ್ಚು ದೇವಸ್ಥಾನಗಳಿವೆ, ಅವುಗಳಲ್ಲಿ ಐವತ್ತರಷ್ಟರಲ್ಲಿ ಯಾತ್ರಿಕರು ಉಳಿಯಬಹುದು. ಶುಕುಬೋ ಎನ್ನುತ್ತಾರೆ. ನಮ್ಮ ಮಠಗಳ ಛತ್ರ ಎಂದುಕೋ, ಆದರೆ ಅದಕ್ಕಿಂತ ದುಬಾರಿ. ಎರಡು ಹೊತ್ತಿನ ಊಟ ಸೇರಿಯೇ ಬಾಡಿಗೆ.

2019ರ ಏಪ್ರಿಲ್ ಅದು. ಆ ಹೊತ್ತಿಗೆ ಜಪಾನಿನಲ್ಲಿ ನಾಲ್ಕು ದಿನ ನಾನು ಸರಿಯಾಗಿ ಊಟವನ್ನೇ ಮಾಡಿರಲಿಲ್ಲ. ತರಕಾರಿ ಸಾರು ಎಂದು ಕೊಟ್ಟರೂ ಅದರೊಳಗೆ ಒಣಮೀನಿನ ನೀರು ಇರುತ್ತದೆ. ಇಲ್ಲಿ ಸಂಜೆ ಆರಕ್ಕೇ ಊಟ ಬಂತು. ಚಾಪೆಯ ಮೇಲೆ ನಾವು, ಮುಂದೆ ಪುಟ್ಟ ಕೆಂಪು ಮಣೆ. ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ. ಸಾರು ಕಡಲಪಾಚಿಯದು, ಅಣಬೆಯದು. ಎಳ್ಳು ಅರೆದು ಕಾಯಿಸಿ ಹಾಲುಬಾಯಿಯ ಹಾಗೆ ಗಟ್ಟಿ ಮಾಡಿದ ಗೋಮಾ ದೋಫು ಇತ್ತು. ಹಿಂದೆ ಬೆಟ್ಟದ ಚಳಿಯಲ್ಲೇ ಹೆಪ್ಪುಗಟ್ಟಿಸಿ ಒಣಗಿಸುತ್ತಿದ್ದ ಕೋಯಾ ದೋಫು ಇತ್ತು. ಅನ್ನ ಎರಡು ಸಲ ಹಾಕಿಸಿಕೊಂಡೆ. ಹಬ್ಬದ ದಿನದ ಮಡಿ ಅಡುಗೆ ಉಂಡ ಹಾಗಾಯಿತು.

ಊಟವಾದ ಮೇಲೆ ಇಪ್ಪತ್ತು ವರ್ಷದ ಒಬ್ಬ ಕಲಿಯುವ ಭಿಕ್ಷು ಬಂದು ಬಾಗಿ ನಮಸ್ಕರಿಸಿದ. ಗೋಡೆಯ ಕಪಾಟಿನಿಂದ ಹಾಸಿಗೆಗಳನ್ನು ತೆಗೆದು ಚಾಪೆಯ ಮೇಲೆ ಹಾಸತೊಡಗಿದ. ನಾನು ಎದ್ದು ಒಂದು ತುದಿ ಹಿಡಿದುಕೊಂಡೆ. ಅವನು ನಗುತ್ತಾ ಬೇಡ ಎಂದು ಕೈಯಾಡಿಸಿದ. ನಾನು ಬಿಡಲಿಲ್ಲ. ಆಗ ಅಪ್ಪ "ಕೂತ್ಕೊ" ಎಂದರು. ಮೆತ್ತಗೇ ಹೇಳಿದರು. ಕೂತೆ. ಆ ಹುಡುಗ ಮಂಡಿಯೂರಿ, ಸುಕ್ಕು ಸವರಿ, ಹೊದಿಕೆಯ ಅಂಚು ತಿರುಗಿಸಿ, ದಿಂಬು ನೇರ ಮಾಡಿದ. ಅವಸರವಿಲ್ಲ. ಪೂಜೆಗೆ ಅಣಿ ಮಾಡುವ ಹಾಗಿತ್ತು. ನನಗೆ ಯಾಕೋ ಅಳು ಬಂತು. ತಡೆಯಲು ಆಗಲಿಲ್ಲ.

ದೀಪ ಆರಿಸಿದ ಮೇಲೆ ಅಪ್ಪ ಕತ್ತಲಲ್ಲಿ ಕೇಳಿದರು. "ನಮ್ಮ ಮನೇಲಿ ನೀನು ದಿನಾ ಎಷ್ಟು ಹಾಸಿಗೆ ಹಾಸ್ತಿದ್ದೆ?" ನಾನು ಎಣಿಸಿ ಹೇಳಿದೆ. ಮಾವನವರದು, ಅತ್ತೆಯವರದು, ಇಬ್ಬರು ಮೈದುನಂದಿರದು, ನಿನ್ನದು, ಅಣ್ಣನದು, ನಮ್ಮಿಬ್ಬರದು. ಎಂಟು. ಬೆಳಗ್ಗೆ ಎಂಟನ್ನೂ ಸುತ್ತಿಡುವುದು. ಮೈದುನಂದಿರು ಬೇರೆ ಊರಿಗೆ ಹೋದ ಮೇಲೆ ಆರು. ಅತ್ತೆ ಮಲಗಿದಲ್ಲೇ ಆದ ಎರಡು ವರ್ಷ ಅವರದನ್ನು ದಿನಕ್ಕೆ ಮೂರು ಸಲ ಬದಲಿಸಬೇಕಿತ್ತು. ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. "ಮೂವತ್ತಮೂರು ವರ್ಷ ಅದೇ ಮನೇಲಿ ಇದ್ದೆ, ನಾನು ಒಂದು ದಿನಾನೂ ಎಣಿಸಲಿಲ್ಲ" ಎಂದರು. ನನಗೆ ಅವರ ಮೇಲೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಕೇಳಿದರಲ್ಲ ಎಂಬ ಸಂತೋಷ. ಊರಿಗೆ ಬಂದಾಗಿನಿಂದ ಹಾಸಿಗೆ ಅವರದೇ ಕೆಲಸ. ಸೊಳ್ಳೆ ಪರದೆ ಕಟ್ಟುವುದೂ. ನೀನು ಬಂದಾಗ ನೋಡಿ, ಅಪ್ಪನಿಗೆ ಇದೇನು ಹೊಸ ಅಭ್ಯಾಸ ಎಂದು ಕೇಳಿದ್ದೆಯಲ್ಲ, ಅದು ಶುರುವಾದದ್ದು ಅಲ್ಲಿ.

ಬೆಳಗಿನ ಪೂಜೆಗೆ ಆರು ಗಂಟೆಗೇ ಹೋಗಬೇಕು. ನಾವಿದ್ದ ಕಡೆ ಗೋಮಾ ಇತ್ತು. ಎಳ್ಳಿಗೂ ಅದೇ ಹೆಸರು, ಇದು ಬೇರೆ. ನಮ್ಮ ಹೋಮ ಎಂಬ ಮಾತೇ ಚೀನಾ ದಾಟಿ ಜಪಾನಿಗೆ ಹೋಗಿ ಗೋಮಾ ಆಗಿದೆ. ಬೆಂಕಿಯ ಮುಂದೆ ಕೂತು ಮಂತ್ರ ಹೇಳುತ್ತಾ ಸಮಿತ್ತು ಹಾಕುತ್ತಾರೆ. ಕಣ್ಣು ಮುಚ್ಚಿಕೊಂಡರೆ ಹೊಗೆಯ ವಾಸನೆಗೆ ನಮ್ಮೂರೇ ಅನ್ನಿಸಿತು.

ಅಲ್ಲಿಂದ ಓಕುನೋಯಿನ್‌ಗೆ ನಡೆದೆವು. ಎರಡು ಕಿಲೋಮೀಟರ್ ದಾರಿ, ಎರಡೂ ಕಡೆ ಮುಗಿಲು ಮುಟ್ಟುವ ಮರ, ಮರಗಳ ಬುಡದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳು. ಅನೇಕ ಸಮಾಧಿಗಳ ಮೇಲೆ ಐದು ಕಲ್ಲು ಒಂದರ ಮೇಲೊಂದು. ಚೌಕ, ಗುಂಡು, ಗೋಪುರ, ಅರ್ಧಚಂದ್ರ, ಮೇಲೊಂದು ಮಣಿ. ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ. ಪಂಚಭೂತ! ಕೆಲವದರ ಮೇಲೆ ಸಂಸ್ಕೃತ ಬರೆಯುತ್ತಿದ್ದ ಹಳೆಯ ಸಿದ್ಧಂ ಲಿಪಿಯ ಅಕ್ಷರಗಳು, ಕೆಳಗಿನಿಂದ ಮೇಲಕ್ಕೆ ಅ, ವ, ರ, ಹ, ಖ. ಅಪ್ಪ ಕಲ್ಲಿನ ಮುಂದೆ ನಿಂತೇ ಬಿಟ್ಟರು. ದಾರಿಯ ಕೊನೆಯಲ್ಲಿ ಕೂಕಾಯ್ ಇದ್ದಾರೆ. 835ರಲ್ಲಿ ಧ್ಯಾನಕ್ಕೆ ಕೂತವರು ಇನ್ನೂ ಎದ್ದಿಲ್ಲ, ಒಳಗೇ ಇದ್ದಾರೆ ಎಂದು ನಂಬುತ್ತಾರೆ. ದಿನಕ್ಕೆ ಎರಡು ಸಲ, ಬೆಳಗ್ಗೆ ಆರಕ್ಕೆ ಮತ್ತು ಹತ್ತೂವರೆಗೆ, ಭಿಕ್ಷುಗಳು ಮರದ ಪೆಟ್ಟಿಗೆಯಲ್ಲಿ ಅವರಿಗೆ ಊಟ ಹೊತ್ತುಕೊಂಡು ಹೋಗುತ್ತಾರೆ. ನಾನು ಕೈಮುಗಿದೆ. ಮಂತ್ರಾಲಯದಲ್ಲಿ ರಾಯರ ಬೃಂದಾವನದ ಮುಂದೆ ಹೇಗೆ ಮುಗಿಯುತ್ತೇನೋ ಹಾಗೇ. ಅದನ್ನು ನನಗೆ ಯಾರೂ ವಿವರಿಸಬೇಕಾಗಲಿಲ್ಲ.

ಇನ್ನು ಅಪ್ಪನ ಐಸ್ ಹೋಟೆಲ್. ಬರೆಯದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ. ಸ್ವೀಡನ್ನಿನ ಮೇಲ್ತುದಿಯಲ್ಲಿ ಯುಕ್ಕಸ್‌ಯಾರ್ವಿ ಎಂಬ ಹಳ್ಳಿ. ಟೋರ್ನೆ ನದಿ ಹೆಪ್ಪುಗಟ್ಟಿದಾಗ ಮಂಜುಗಡ್ಡೆ ಕೊಯ್ದು ಇಟ್ಟುಕೊಂಡು, ಮುಂದಿನ ಚಳಿಗಾಲಕ್ಕೆ ಅದರಲ್ಲೇ ಕೋಣೆ, ಮಂಚ, ಕಂಬ ಎಲ್ಲಾ ಕಟ್ಟುತ್ತಾರೆ. ಸುಮಾರು 35 ವರ್ಷಗಳಿಂದ ಹೀಗೇ ನಡೆದಿದೆ. ಒಳಗೆ ಸೊನ್ನೆಗಿಂತ ಐದು ಡಿಗ್ರಿ ಕೆಳಗೆ, ಒಮ್ಮೊಮ್ಮೆ ಎಂಟು. ಹಿಮಸಾರಂಗದ ಚರ್ಮ ಹಾಸಿ, ಅದರ ಮೇಲೆ ದಪ್ಪ ಚೀಲದೊಳಗೆ ನುಸುಳಿ ಮಲಗಬೇಕು. ನಾವು ಹೋದದ್ದು 2023ರ ಫೆಬ್ರವರಿಯಲ್ಲಿ. ನನಗೆ ಒಂದು ರಾತ್ರಿ ಸಾಕಾಯಿತು. ಬೆಳಗ್ಗೆ ಬಿಸಿ ಲಿಂಗನ್‌ಬೆರಿ ರಸ ಹಿಡಿದು ಬಂದು ಎಬ್ಬಿಸಿದರು, ಅದು ಮಾತ್ರ ಅಮೃತ. ಅಪ್ಪನಿಗೆ ಇಷ್ಟವಾದದ್ದು ಅದು ಕರಗುವ ರೀತಿ. ವಸಂತ ಬಂದರೆ ಚಳಿಗಾಲದ ಆ ಕೋಣೆಗಳೆಲ್ಲ ಕರಗಿ ಅದೇ ನದಿಗೆ ಸೇರುತ್ತವೆ. ಕೆರೆಯ ಮಣ್ಣಿನಲ್ಲಿ ಮಾಡಿದ ಗಣಪನನ್ನು ಅದೇ ಕೆರೆಗೆ ಬಿಟ್ಟ ಹಾಗೆ ಎಂದು ಅಪ್ಪ ಎಲ್ಲರಿಗೂ ಹೇಳುತ್ತಿರುತ್ತಾರೆ. ಈಗ ವರ್ಷವಿಡೀ ಕರಗದ ಹಾಗೆ ತಣ್ಣಗಿಡುವ ಒಂದು ಭಾಗವನ್ನೂ ಕಟ್ಟಿದ್ದಾರೆ. ಅಪ್ಪನಿಗೆ ಅದು ಅಷ್ಟು ಹಿಡಿಸಲಿಲ್ಲ.

ನಿನ್ನ ವಿಷಯಕ್ಕೆ ಬರುತ್ತೇನೆ. ಹತ್ತು ದಿನಕ್ಕೆ ಆರು ಊರು ಹಾಕಿಕೊಂಡಿದ್ದೀಯ, ಎರಡು ಬಿಟ್ಟುಬಿಡು. ಕೋಯಾಸಾನಿನಲ್ಲಿ ಎರಡು ರಾತ್ರಿ ಇರು. ಒಂದು ರಾತ್ರಿ ಓಡಿದ ಹಾಗೆ ಆಗುತ್ತದೆ. ನವೆಂಬರ್ ಮೊದಲ ವಾರ ಎಲೆಗಳು ಕೆಂಪಾಗಿರುತ್ತವೆ, ಜನ ಜಾಸ್ತಿ, ಈಗಲೇ ಬುಕ್ ಮಾಡು. ಚಳಿ ಇರುತ್ತದೆ, ಉಣ್ಣೆಯ ಕಾಲುಚೀಲ ಮರೆಯಬೇಡ. ಅನೇಕ ಕಡೆ ಬಚ್ಚಲು ಕೋಣೆಯ ಹೊರಗೆ, ಹಲವರು ಸೇರಿ ಬಳಸುವಂಥದ್ದು. ಹೆಂಗಸರಿಗೆ ಬೇರೆ ಇರುತ್ತದೆ, ಸಂಕೋಚ ಬೇಡ. ತೊಟ್ಟಿಗೆ ಇಳಿಯುವ ಮುಂಚೆ ಮೈ ತೊಳೆದುಕೊಳ್ಳಬೇಕು. ಅವರು ಕೊಡುವ ಯುಕಾತಾ ಎಂಬ ಹತ್ತಿಯ ನಿಲುವಂಗಿ ಉಡುವಾಗ ಎಡ ಅಂಚು ಮೇಲೆ ಬರಲಿ. ಬಲ ಅಂಚು ಮೇಲೆ ಬಂದರೆ ಹೆಣಕ್ಕೆ ಉಡಿಸಿದ ಹಾಗಂತೆ. ನನಗೆ ಅಲ್ಲಿ ಒಬ್ಬರು ಅಜ್ಜಿ ಬಿಚ್ಚಿ ಸರಿಮಾಡಿ ಕಟ್ಟಿದರು. ಓಕುನೋಯಿನ್‌ನಲ್ಲಿ ಕೊನೆಯ ಸೇತುವೆ ದಾಟಿದ ಮೇಲೆ ಫೋಟೋ ತೆಗೆಯಬಾರದು. ಅಳಿಯಂದಿರಿಗೆ ಮುಂಚೆಯೇ ಹೇಳಿಡು.

ಹಾಸಿಗೆ ಹಾಸಲು ಬಂದಾಗ ಇಬ್ಬರೂ ರೂಮಿನಲ್ಲೇ ಇರಿ. ಆ ಹೊತ್ತಿಗೆ ತಿರುಗಾಡಲು ಹೋಗಬೇಡಿ.

ಚಟ್ನಿಪುಡಿ ಎರಡು ಡಬ್ಬ ಮಾಡಿಡುತ್ತೇನೆ. ಕೋಯಾಸಾನಿಗೆ ಬೇಕಾಗುವುದಿಲ್ಲ, ಬೇರೆ ಊರುಗಳಿಗೆ ಬೇಕು.

ಅಪ್ಪ ಒಳಗಿನಿಂದ ಕರೆಯುತ್ತಿದ್ದಾರೆ. ಪರದೆಯ ಒಂದು ದಾರ ಸಿಗುತ್ತಿಲ್ಲವಂತೆ. ಉಳಿದದ್ದು ಫೋನಿನಲ್ಲಿ ಮಾತಾಡೋಣ.

ನಿನ್ನ
ಅಮ್ಮ